ಸರ್ವರ್ ಬದಲಿಸುವ ಮುನ್ನ ದಾಖಲೆ ಓದೋಣ

ಶನಿವಾರದ ಕನ್ನಡ ತರಗತಿಯ ಪಾಠಗಳನ್ನೂ ನಮ್ಮ ಹಿರಿಯರ ಧ್ವನಿಮುದ್ರಣಗಳನ್ನೂ ಇರಿಸಿರುವ ಸಂಘದ ಲಿನಕ್ಸ್ ಸರ್ವರ್ ಎರಡು ತಿಂಗಳಲ್ಲಿ ನಾಲ್ಕು ಬಾರಿ ತಾನಾಗಿಯೇ ರೀಬೂಟ್ ಆಯಿತು. ಕಳೆದ ಸಮಿತಿ ಸಭೆಯಲ್ಲಿ ಎರಡು ತೀರ್ಪುಗಳು ಹೊರಬಿದ್ದವು. ಯಂತ್ರ ಹಳತಾಗಿದೆ, ಸದಸ್ಯರ ಚಂದಾ ಹಣದಿಂದ ಹೊಸತನ್ನು ಕೊಳ್ಳಬೇಕು ಎಂಬುದು ಒಂದು. ಅದನ್ನು ನೋಡಿಕೊಳ್ಳುವ ಯುವ ಸ್ವಯಂಸೇವಕನೇ ಯಾವುದೋ ತಪ್ಪು ಆಜ್ಞೆ ಕೊಟ್ಟು ನಿಲ್ಲಿಸುತ್ತಿದ್ದಾನೆ ಎಂಬುದು ಇನ್ನೊಂದು. ಎರಡನ್ನೂ ನಾವು ವಿರೋಧಿಸುತ್ತೇವೆ. ಅಂದು ನಾವೂ ಸುಮ್ಮನಿದ್ದೆವು. ಆ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮೂರ್ಛೆ ಹೋಗಿ ಎದ್ದವರನ್ನು "ಎದ್ದಿರಲ್ಲ, ಸಾಕು" ಎಂದು ಯಾವ ವೈದ್ಯರೂ ಮನೆಗೆ ಕಳುಹಿಸುವುದಿಲ್ಲ. ಯಾವ ಹೊತ್ತಿನಲ್ಲಿ ಬಿದ್ದಿರಿ, ಅದಕ್ಕೆ ಮುನ್ನ ಏನಾಯಿತು ಎಂದು ಕೇಳುತ್ತಾರೆ. ಸರ್ವರ್ ಈ ಪ್ರಶ್ನೆಗಳಿಗೆ ಉತ್ತರವನ್ನು ತಾನೇ ಬರೆದಿಟ್ಟಿರುತ್ತದೆ. ಸಭೆಗೆ ಮುನ್ನ ಅದನ್ನು ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಈಗ ಓದಿದ್ದೇವೆ. ಮನುಷ್ಯರಾಗಲಿ ಅಪ್‌ಡೇಟ್ ಆಗಲಿ ಕ್ರಮವಾಗಿ ರೀಬೂಟ್ ಮಾಡಿದ್ದರೆ 'ಲಾಸ್ಟ್' ಆಜ್ಞೆಯ ಪಟ್ಟಿಯಲ್ಲಿ ಶಟ್‌ಡೌನ್ ನಮೂದು ಕಾಣಬೇಕು. ನಾಲ್ಕೂ ಬಾರಿ ಅದಿಲ್ಲ. 'ಜರ್ನಲ್‌ಸಿಟಿಎಲ್' ತೋರಿಸುವ ಹಿಂದಿನ ಬೂಟ್‌ನ ದಾಖಲೆ ಎಂದಿನ ಸಾಲುಗಳ ನಡುವೆಯೇ ತಟ್ಟನೆ ನಿಂತಿದೆ. ಮೆಮೊರಿ ತುಂಬಿದರೆ ಲಿನಕ್ಸ್ ಸಾಮಾನ್ಯವಾಗಿ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆ, ರೀಬೂಟ್ ಆಗುವುದಿಲ್ಲ. ಕರ್ನಲ್ ಪ್ಯಾನಿಕ್ ಆದರೆ, ಇಷ್ಟು ಸೆಕೆಂಡುಗಳ ಬಳಿಕ ಮತ್ತೆ ಏಳಬೇಕೆಂದು ಮೊದಲೇ ಸೂಚಿಸದ ಹೊರತು ನಿಂತಲ್ಲೇ ನಿಲ್ಲುತ್ತದೆ. ನಮ್ಮ ಯಂತ್ರಕ್ಕೆ ಅಂಥ ಸೂಚನೆಯಿಲ್ಲ. ಉಳಿಯುವ ಮುಖ್ಯ ಅನುಮಾನ ವಿದ್ಯುತ್ತಿನದು, ಬಳಿಕ ಹಾರ್ಡ್‌ವೇರಿನದು.

ನಾಲ್ಕೂ ಘಟನೆಗಳು ನಡೆದದ್ದು ಕಾರ್ಯಕ್ರಮದ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಆಗ ದೊಡ್ಡ ರೈಸ್ ಕುಕ್ಕರನ್ನು ಸರ್ವರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೇ ಸಿಕ್ಕಿಸುತ್ತೇವೆ. ಇದೇ ಕಾರಣವೆಂದು ಇನ್ನೂ ಸಾಬೀತಾಗಿಲ್ಲ. ಆದರೆ ಇದೇ ಆಗಿದ್ದರೆ, ಅದೇ ಬೋರ್ಡಿನಲ್ಲಿ ಕೂರಿಸಿದ ಹೊಸ ಯಂತ್ರಕ್ಕೂ ಇದೇ ಗತಿ.

ಆದುದರಿಂದ ನಮ್ಮ ಆಗ್ರಹವಿಷ್ಟು. ಇಂದೇ ಎಲ್ಲ ಧ್ವನಿಮುದ್ರಣಗಳ ಪ್ರತಿ ಬೇರೆಡೆ ಸೇರಲಿ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಕಡತ ಕೆಡಬಹುದು, ಮತ್ತು ಅಲ್ಲಿ ಮಾತನಾಡಿರುವ ಹಿರಿಯರಲ್ಲಿ ಇಬ್ಬರು ಈಗ ನಮ್ಮೊಂದಿಗಿಲ್ಲ. ಸರ್ವರ್‌ಗೆ ಪ್ರತ್ಯೇಕ ಸಾಕೆಟ್ಟೂ ಯುಪಿಎಸ್ಸೂ ದೊರೆಯಲಿ. ಮುಂದಿನ ನಾಲ್ಕು ಕಾರ್ಯಕ್ರಮಗಳು ಮುಗಿಯುವವರೆಗೆ ಬೇರೇನನ್ನೂ ಬದಲಿಸುವುದು ಬೇಡ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮತ್ತೆ ಬಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸೋಣ, ಆಮೇಲೆ ಪವರ್ ಸಪ್ಲೈ ಬದಲಿಸಿ ನೋಡೋಣ. ಹೊಸ ಯಂತ್ರದ ಮಾತು ಅದರ ನಂತರ.

ಕೊನೆಯದಾಗಿ, ಹಿಂದಿನ ಬೂಟ್‌ನ ದಾಖಲೆ ನಮಗೆ ಓದಲು ಸಿಕ್ಕಿದ್ದು ಅದನ್ನು ಡಿಸ್ಕ್‌ನಲ್ಲಿ ಉಳಿಯುವಂತೆ ಮಾಡಿದ್ದವನು ಆ ಯುವಕನೇ ಎಂಬ ಕಾರಣಕ್ಕೆ. ದೂರು ಹೇಳಿದ್ದು ತುಂಬಿದ ಸಭೆಯಲ್ಲಿ. ಕ್ಷಮೆ ಕೇಳುವುದೂ ತುಂಬಿದ ಸಭೆಯಲ್ಲೇ ಆಗಬೇಕು. ಮುಂದಿನ ಸಭೆಯಲ್ಲಿ ಮೊದಲು ಎದ್ದು ನಿಲ್ಲುವವರು ನಾವೇ.