ನಾಲ್ಕು ಅಂಗೈ ಅಗಲದ ರಬ್ಬರು

ಕಾರು ಅಂದ ತಕ್ಷಣ ನಾವೆಲ್ಲ ಎಂಜಿನ್ನು, ಮೈಲೇಜು, ಬಣ್ಣ, ಟಚ್‌ಸ್ಕ್ರೀನು ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡ್ತೀವಿ. ಟೈರು ಮಾತ್ರ ಪಂಕ್ಚರ್ ಆದ ದಿನ ನೆನಪಾಗುತ್ತೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನನ್ನ ಕಾರಿನ ತೂಕ ಸುಮಾರು 1,250 ಕಿಲೋ. ಅಷ್ಟು ಭಾರ ಹೊತ್ತು ರಸ್ತೆಯನ್ನು ಮುಟ್ಟಿಕೊಂಡಿರುವುದು ನಾಲ್ಕು ಅಂಗೈ ಅಗಲದಷ್ಟು ರಬ್ಬರು. ಬ್ರೇಕ್ ಹಿಡಿಯೋದು, ತಿರುವಿನಲ್ಲಿ ನಿಲ್ಲೋದು, ಮಳೆ ನೀರನ್ನು ಪಕ್ಕಕ್ಕೆ ತಳ್ಳೋದು ಎಲ್ಲವೂ ಆ ನಾಲ್ಕು ಅಂಗೈಗಳ ಕೆಲಸ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಟೈರಿಗೆ ಮೀಸಲು.

ನನ್ನದು 2013ರ ಸೈಯಾನ್ ಎಫ್‌ಆರ್-ಎಸ್. ಹೆಸರು ಕೇಳಿಲ್ಲದಿದ್ದರೆ ತಪ್ಪೇನಿಲ್ಲ. ಟೊಯೊಟಾ ಮತ್ತು ಸುಬಾರು ಕಂಪನಿಗಳು ಸೇರಿ ಮಾಡಿದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿದು. ಬೇರೆ ದೇಶಗಳಲ್ಲಿ ಟೊಯೊಟಾ 86, ಜಿಟಿ86 ಅಂತ ಹೆಸರು, ಸುಬಾರು ಅಂಗಡಿಯಲ್ಲಿ ಬಿಆರ್‌ಝಡ್. ಎರಡು ಲೀಟರಿನ ಬಾಕ್ಸರ್ ಎಂಜಿನ್, 200 ಹಾರ್ಸ್‌ಪವರ್, ಎಳೆತ ಹಿಂದಿನ ಚಕ್ರಗಳಿಗೆ. ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡರೂ ಕಂಪನಿಯ ಮೂಲ 17 ಇಂಚಿನ ವ್ಹೀಲುಗಳೇ ಇದ್ದವು. ಅದೇ ನನಗೆ ಇಷ್ಟವಾಗಿದ್ದು.

ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಕೆಲಸ ಸಾಂಟಾ ಕ್ರೂಜ್‌ನಲ್ಲಿ. ನಡುವೆ ಬೆಟ್ಟ, ಬೆಟ್ಟದ ಮೇಲೆ ಹೈವೇ 17. ನಮ್ಮ ಚಾರ್ಮಾಡಿ ಘಾಟಿಯನ್ನು ನಾಲ್ಕು ಲೇನ್ ಮಾಡಿ, ನಡುವೆ ಕಾಂಕ್ರೀಟ್ ಗೋಡೆ ಕಟ್ಟಿ, ಅದರಲ್ಲಿ ಹೋಗೋರೆಲ್ಲ ಆಫೀಸಿಗೆ ಲೇಟಾಗಿದ್ದಾರೆ ಅಂತ ಊಹಿಸಿಕೊಳ್ಳಿ, ಹೆಚ್ಚುಕಮ್ಮಿ ಹಾಗೇ ಇದೆ. ಇಲ್ಲಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿ ಬೀಳಲ್ಲ. ರಸ್ತೆಯ ಮೇಲೆ ಎಣ್ಣೆ, ಧೂಳು ಕೂತಿರುತ್ತೆ. ಆಮೇಲೆ ಬರುವ ಮೊದಲ ಮಳೆಗೆ ರಸ್ತೆ ಸೋಪು ಹಚ್ಚಿದ ಹಾಗಾಗುತ್ತೆ. ಅಕ್ಟೋಬರಿನಲ್ಲಿ ಅಳೆದು ನೋಡಿದಾಗ ನನ್ನ ಟೈರುಗಳ ಟ್ರೆಡ್ ಆಳ ಮೂರು ಮಿಲಿಮೀಟರ್‌ಗೆ ಇಳಿದಿತ್ತು. ಕಾನೂನಿನ ಪ್ರಕಾರ ಇನ್ನೂ ಓಡಿಸಬಹುದು. ಆದರೆ ಮಳೆಗಾಲದ ಹೈವೇ 17ಕ್ಕೆ ಕಾನೂನೊಂದೇ ಸಾಕಾಗಲ್ಲ.

ಇದನ್ನು ಅಳೆಯೋಕೆ ಇಲ್ಲಿಯವರ ಹತ್ತಿರ ಒಂದು ಸುಲಭದ ಉಪಾಯ ಇದೆ. ಕಾಲು ಡಾಲರ್ ನಾಣ್ಯವನ್ನು ವಾಷಿಂಗ್ಟನ್ ತಲೆ ಕೆಳಗಾಗಿ ಟೈರಿನ ಗಾಡಿಗೆ ಇಳಿಸಬೇಕು. ತಲೆಯ ತುದಿ ಪೂರ್ತಿ ಕಂಡರೆ ಆಳ ಸುಮಾರು 3.2 ಮಿಲಿಮೀಟರ್‌ಗಿಂತ ಕಮ್ಮಿ. ಮಳೆಗೆ ಅದು ಬದಲಾಯಿಸೋ ಹೊತ್ತು. ಗಾಡಿಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಟ್ರೆಡ್ ಸವೆದು ಆ ದಿಬ್ಬದ ಸಮಕ್ಕೆ ಬಂತು ಅಂದ್ರೆ ಟೈರಿನ ಆಯಸ್ಸು ಮುಗಿದಂತೆ. ನಮ್ಮೂರ ಪಂಕ್ಚರ್ ಅಂಗಡಿಯವರ ಭಾಷೆಯಲ್ಲಿ, ಬಟನ್ ಹೋಗಿದೆ.

ಕಂಪನಿಯವರು ಕೊಟ್ಟ ಟೈರಿನ ಕತೆ

ಈ ಕಾರಿನ ಟೈರಿಗೆ ಒಂದು ಸ್ವಾರಸ್ಯದ ಕತೆ ಇದೆ. 2012ರಲ್ಲಿ ಕಾರು ಮಾರುಕಟ್ಟೆಗೆ ಬಂದಾಗ ಅದರ ಕಾಲಿಗಿದ್ದದ್ದು ಮಿಶೆಲಿನ್ ಪ್ರೈಮಸಿ ಎಚ್‌ಪಿ. ಅದು ಸ್ಪೋರ್ಟ್ಸ್ ಟೈರಲ್ಲ, ಮನೆಮಂದಿ ಓಡಾಡೋ ಕಾರುಗಳಿಗೆ ಹಾಕೋ ಟೈರು. ಕಾರು ಪತ್ರಿಕೆಗಳು ಅದನ್ನು ‘ಪ್ರಿಯಸ್ ಟೈರು’ ಅಂತಲೇ ಕರೆದವು. ಸ್ಪೋರ್ಟ್ಸ್ ಕಾರಿಗೆ ಪೆಟ್ರೋಲ್ ಉಳಿಸೋ ಕಾರಿನ ಟೈರಾ ಅಂತ ಎಷ್ಟೋ ಜನ ನಕ್ಕರು.

ಕಾರಿನ ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ತಂಡಕ್ಕೆ ಅದು ಬೇಕೆಂದೇ ಮಾಡಿದ ಆಯ್ಕೆ. ಗ್ರಿಪ್ ಜಾಸ್ತಿ ಇದ್ದಷ್ಟೂ ಕಾರು ಜಾರಲು ಶುರು ಮಾಡುವ ವೇಗವೂ ಮೇಲೇರುತ್ತೆ. ಆ ವೇಗಕ್ಕೆ ಸಾಮಾನ್ಯ ರಸ್ತೆಯಲ್ಲಿ ಜಾಗವಿಲ್ಲ. ಗ್ರಿಪ್ ಕಮ್ಮಿ ಇದ್ದರೆ ಸಾಧಾರಣ ವೇಗದಲ್ಲೇ ಕಾರು ಚಾಲಕರ ಜತೆ ಮಾತಾಡುತ್ತೆ, ಹಿಂಭಾಗ ಸ್ವಲ್ಪ ಆಡುತ್ತೆ, ಓಡಿಸೋ ಮಜಾ ಸಿಗುತ್ತೆ. ಅಂದರೆ ಟೈರು ಬದಲಾಯಿಸೋದು ಅಂದ್ರೆ ಈ ಕಾರಿನ ಸ್ವಭಾವಕ್ಕೇ ಕೈಹಾಕಿದ ಹಾಗೆ. ಅದು ನನಗೆ ಗೊತ್ತಿತ್ತು. ಆದರೆ ಒಣರಸ್ತೆಯಲ್ಲಿ ನಗು ತರಿಸೋ ಆಟ, ಡಿಸೆಂಬರಿನ ಮಳೆಯಲ್ಲಿ ಪಕ್ಕದ ಲೇನಿನಲ್ಲಿ ಲಾರಿ ಇದ್ದಾಗ ನಗು ತರಿಸಲ್ಲ.

ಅಳತೆ ಓದೋದು ಹೇಗೆ

ಮೂಲ ಅಳತೆ 215/45ಆರ್17, ಮುಂದೆ 87ಡಬ್ಲ್ಯೂ. ಇದರಲ್ಲಿ 215 ಅಂದ್ರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದ್ರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 45ರಷ್ಟು. 17 ಅಂದ್ರೆ ವ್ಹೀಲಿನ ವ್ಯಾಸ, ಇಂಚಿನಲ್ಲಿ. 87 ಭಾರದ ಸೂಚಿ, ಒಂದು ಟೈರು 545 ಕಿಲೋ ಹೊರಬಲ್ಲದು. ಡಬ್ಲ್ಯೂ ವೇಗದ ಸೂಚಿ, ಗಂಟೆಗೆ 270 ಕಿಲೋಮೀಟರ್. ಹೊಸ ಟೈರಿನಲ್ಲಿ ಭಾರದ ಸೂಚಿ ಮೂಲಕ್ಕಿಂತ ಕಮ್ಮಿ ಇರಬಾರದು.

“ಸ್ವಲ್ಪ ಅಗಲದ್ದು ಹಾಕ್ಸು, ನೋಡೋಕೂ ಚೆನ್ನಾಗಿರುತ್ತೆ” ಅಂತ ಹೇಳದ ಸ್ನೇಹಿತರೇ ಇಲ್ಲ. ಇಲ್ಲಿ ಮೂಲ ವ್ಹೀಲಿನ ಮಾತು ಕೇಳಬೇಕು. ನನ್ನ ವ್ಹೀಲಿನ ಅಗಲ ಏಳು ಇಂಚು. ಅದಕ್ಕೆ 215 ಸರಿಯಾಗಿ ಕೂರುತ್ತೆ, 225/45ಆರ್17 ಕೂಡ ಕೂರುತ್ತೆ, ಆದರೆ ಅದಕ್ಕೆ ಹೇಳಿರುವ ವ್ಹೀಲುಗಳಲ್ಲಿ ಏಳಿಂಚಿನದೇ ಅತಿ ಕಿರಿದು. 245 ಹಾಕಿದರೆ ಗೋಡೆಗಳು ಒಳಕ್ಕೆ ಬಾಗಿ ಬಲೂನಿನ ಹಾಗೆ ಉಬ್ಬುತ್ತವೆ, ತಿರುವಿನಲ್ಲಿ ಟೈರು ಹೊರಳಾಡುತ್ತೆ. ಅಗಲ ಜಾಸ್ತಿ ಆಯ್ತು, ಹಿಡಿತ ಕೆಟ್ಟಿತು.

225ಕ್ಕೆ ಇನ್ನೊಂದು ಆಕರ್ಷಣೆ ಇದೆ. ತುಂಬಾ ಸೆಡಾನ್‌ಗಳಿಗೆ ಬರೋ ಅಳತೆಯಾದ್ದರಿಂದ ಅದರಲ್ಲಿ ಆಯ್ಕೆಗಳು ಹೆಚ್ಚು. ಆದರೆ ಅದರ ಹೊರ ವ್ಯಾಸ 9 ಮಿಲಿಮೀಟರ್ ಜಾಸ್ತಿ, ಅಂದರೆ ಶೇ. 1.4ರಷ್ಟು. ಸ್ಪೀಡೋಮೀಟರ್ 70 ಮೈಲಿ ತೋರಿಸಿದಾಗ ಹಳೇ ಲೆಕ್ಕಕ್ಕಿಂತ ಒಂದು ಮೈಲಿ ಹೆಚ್ಚು ಓಡ್ತಿರ್ತೀವಿ, ಗೇರುಗಳೂ ಕೂದಲೆಳೆಯಷ್ಟು ಉದ್ದವಾಗುತ್ತವೆ. ಹಾನಿಯೇನಿಲ್ಲ, ಆದರೆ ನನಗೆ ಲಾಭವೂ ಕಾಣಲಿಲ್ಲ. ಹಳೇ ಅಳತೆಗೇ ನಿಂತೆ.

ಮೂರು ಜಾತಿ, ಒಂದು ಜಗಳ

ಒಂದೇ ಅಳತೆಯಲ್ಲಿ ಮೂರು ಜಾತಿಯ ಪರ್ಫಾರ್ಮೆನ್ಸ್ ಟೈರುಗಳಿವೆ ಅಂತ ಇಟ್ಟುಕೊಳ್ಳಿ.

ಮೊದಲನೆಯದು ಟ್ರ್ಯಾಕ್ ಪ್ರಿಯರದ್ದು, ಬ್ರಿಜ್‌ಸ್ಟೋನ್ ಆರ್‌ಇ-71ಆರ್ ತರಹದ್ದು. ಒಣರಸ್ತೆಯಲ್ಲಿ ಗೋಂದು ಹಚ್ಚಿದ ಹಾಗೆ ಅಂಟುತ್ತೆ. ಆದರೆ ಬಿಸಿಯಾದಾಗ ಮಾತ್ರ ಅದರ ಪೂರ್ತಿ ಶಕ್ತಿ ಹೊರಬರುತ್ತೆ, ಬೇಗ ಸವೆಯುತ್ತೆ, ಗಾಡಿಗಳು ಕಮ್ಮಿ ಇರೋದರಿಂದ ನಿಂತ ನೀರಿನಲ್ಲಿ ತೇಲುವ ಭಯ ಜಾಸ್ತಿ. ದಿನಾ ಆಫೀಸಿಗೆ ಹೋಗೋ ನನಗೆ ಇದು ಬೇಡ.

ಎರಡನೆಯದು ಸಮ್ಮರ್ ಪರ್ಫಾರ್ಮೆನ್ಸ್: ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ ಸಾಲಿನವು. ಸಮ್ಮರ್ ಅನ್ನೋ ಹೆಸರು ದಾರಿ ತಪ್ಪಿಸುತ್ತೆ. ಇವು ಬಿಸಿಲಿಗೆ ಮಾತ್ರ ಅಲ್ಲ, ಬೆಚ್ಚಗಿನ ಮಳೆಯಲ್ಲಿ ಇವುಗಳ ಬ್ರೇಕ್ ಹಿಡಿತ ತುಂಬಾ ಒಳ್ಳೆಯದು. ಶತ್ರು ಮಳೆಯಲ್ಲ, ಚಳಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತಾ ಹೋಗುತ್ತೆ. ಹಿಮದಲ್ಲಂತೂ ಕೈಕೊಡುತ್ತೆ.

ಮೂರನೆಯದು ಪರ್ಫಾರ್ಮೆನ್ಸ್ ಆಲ್-ಸೀಸನ್, ಕಾಂಟಿನೆಂಟಲ್ ಡಿಡಬ್ಲ್ಯುಎಸ್06 ಪ್ಲಸ್ ಇದ್ದ ಹಾಗೆ. ಚಳಿಗೂ ಸೈ, ಮಳೆಗೂ ಸೈ, ಬಾಳಿಕೆಯೂ ಹೆಚ್ಚು. ಬದಲಿಗೆ ಸ್ಟೀರಿಂಗ್‌ನ ಚುರುಕು ಸ್ವಲ್ಪ ಮಂಕಾಗುತ್ತೆ.

ಮನೆಯಲ್ಲಿ ಜಗಳ ಶುರುವಾಗಿದ್ದು ಎರಡು ಮತ್ತು ಮೂರರ ನಡುವೆ. ನನ್ನ ಗಂಡ ಆಲ್-ಸೀಸನ್ ಪಕ್ಷ.

“ಬೆಟ್ಟದ ಮೇಲೆ ಒಂದೇ ಒಂದು ದಿನ ಬೆಳಿಗ್ಗೆ ಮಂಜುಗಟ್ಟಿದ್ರೂ ಸಾಕು ಕಣೇ. ಆ ಒಂದು ದಿನಕ್ಕೋಸ್ಕರ ನಾನು ಇಲ್ಲಿ ಕೂತು ಫೋನ್ ನೋಡ್ತಾ ಇರ್ಬೇಕಾ?”

“ಆ ಒಂದು ದಿನ ನಿನ್ನ ಸಿವಿಕ್ ತಗೊಂಡು ಹೋಗ್ತೀನಿ. ಮಿಕ್ಕ ಅರವತ್ತು ಮಳೆ ದಿನಕ್ಕೆ ನಂಗೆ ಬ್ರೇಕ್ ಬೇಕು ಕಣೋ.”

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ರಸ್ತೆಯ ಎತ್ತರದ ಜಾಗ ಸುಮಾರು 550 ಮೀಟರ್, ಕೆಳಗೆ ಬೆಚ್ಚಗಿದ್ದರೂ ಮೇಲೆ ಕೊರೆಯುತ್ತೆ. ಹಾಗಾಗಿ ಬಾಯಿಮಾತು ಬಿಟ್ಟು ಹಿಂದಿನ ಚಳಿಗಾಲದಲ್ಲಿ ಬೆಟ್ಟದ ಮೇಲಿನ ಬೆಳಗಿನ ತಾಪಮಾನ ಎಷ್ಟಿತ್ತು ಅಂತ ಇಬ್ಬರೂ ಕೂತು ಹುಡುಕಿ ನೋಡಿದೆವು. ನಾನು ಹೊರಡೋದು ಎಂಟೂವರೆಗೆ. ಆ ಹೊತ್ತಿಗೆ ಹೆಚ್ಚಿನ ಮಳೆ ದಿನಗಳಲ್ಲಿ 9ರಿಂದ 13 ಡಿಗ್ರಿ. ಇಲ್ಲಿ ಮಳೆ ತರುವ ಮೋಡ ಸಮುದ್ರದಿಂದ ಬರೋದರಿಂದ ಮಳೆ ದಿನ ಅಷ್ಟು ಚಳಿಯಿರಲ್ಲ. ತೀರಾ ಚಳಿ ಇರೋದು ಆಕಾಶ ಶುಭ್ರವಾಗಿರೋ ಬೆಳಿಗ್ಗೆಗಳಲ್ಲಿ, ಅಂಥವು ಬೆರಳೆಣಿಕೆಯಷ್ಟು. ಕೊನೆಗೆ ಒಪ್ಪಂದ ಆಯ್ತು: ಟೈರು ಸಮ್ಮರ್, ಆದರೆ ಬೆಟ್ಟದ ಮೇಲೆ 5 ಡಿಗ್ರಿಗಿಂತ ಕಮ್ಮಿ ಅಂತ ಫೋನ್ ತೋರಿಸಿದ ದಿನ ನನ್ನ ಕಾರು ಮನೆಯಲ್ಲೇ. ಚರ್ಚೆ ಇಲ್ಲ. ಇನ್ನು ಟಾಹೋ ಹಿಮ ನೋಡೋಕೆ ಹೋಗೋದು ಮೊದಲಿಂದಲೂ ಅವನ ಕಾರಿನಲ್ಲೇ.

ನೀವು ಡೆನ್ವರಿನಲ್ಲೋ ಟೊರಾಂಟೊದಲ್ಲೋ ಇದ್ದರೆ ಈ ಉತ್ತರ ಪೂರ್ತಿ ತಿರುಗುಮುರುಗಾಗುತ್ತೆ. ಅಲ್ಲಿ ಚಳಿಗಾಲಕ್ಕೆ ಬೇರೆಯೇ ಟೈರು ಬೇಕು. ಬೆಂಗಳೂರಿನಲ್ಲಿದ್ದರೆ 7 ಡಿಗ್ರಿಯ ಚಿಂತೆಯೇ ಇಲ್ಲ, ಮಳೆ ಮತ್ತು ರಸ್ತೆಗುಂಡಿ ಇವೆರಡೇ ಪ್ರಶ್ನೆ.

ಅಂಕೆಗಳನ್ನು ನಂಬೋದೆಷ್ಟು

ಅಮೆರಿಕದಲ್ಲಿ ಮಾರುವ ಟೈರಿನ ಗೋಡೆಯ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕೆ ಇರುತ್ತೆ. ಜಾಸ್ತಿ ಇದ್ದಷ್ಟೂ ಬಾಳಿಕೆ ಜಾಸ್ತಿ ಅನ್ನೋದು ಲೆಕ್ಕ. ಆದರೆ ನೋಡಿ, ನನ್ನ ಹಳೇ ಪ್ರೈಮಸಿಗೆ 240, ಅದೇ ಕಂಪನಿಯ ಸ್ಪೋರ್ಟ್ಸ್ ಟೈರು ಪೈಲಟ್ ಸ್ಪೋರ್ಟ್ 4ಎಸ್‌ಗೆ 300. ಅಂಕೆ ಕೊಡೋದು ತಯಾರಕರೇ. ಅದಕ್ಕೆ ಇದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಪಕ್ಕದಲ್ಲಿರೋ ಟ್ರ್ಯಾಕ್ಷನ್ ದರ್ಜೆ (ಎಎ, ಎ, ಬಿ, ಸಿ) ಒದ್ದೆ ರಸ್ತೆಯಲ್ಲಿ ನೇರಕ್ಕೆ ಬ್ರೇಕ್ ಹಾಕಿದಾಗಿನದ್ದು. ತಿರುವಿನ ಬಗ್ಗೆ ಅದು ಏನೂ ಹೇಳಲ್ಲ. ನನ್ನ ದಾರಿಯಲ್ಲಿ ಇರೋದೆಲ್ಲ ತಿರುವೇ. ಹಾಗಾಗಿ ಒದ್ದೆ ಟ್ರ್ಯಾಕಿನಲ್ಲಿ ಟೈರುಗಳನ್ನು ಹೋಲಿಸಿ ಓಡಿಸಿದ ಪರೀಕ್ಷೆಗಳನ್ನು ಓದಿ ತೀರ್ಮಾನಿಸಿದೆ.

ನಿಜವಾಗಿ ನಂಬಬೇಕಾದ ಅಂಕೆ ಬೇರೆ ಇದೆ. ‘ಡಾಟ್’ ಅನ್ನೋ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ. 3523 ಅಂತಿದ್ದರೆ 2023ರ 35ನೇ ವಾರದಲ್ಲಿ ತಯಾರಾದದ್ದು. ನಾನು ಮೊದಲು ಹೋದ ಅಂಗಡಿಯಲ್ಲಿ ನಾಲ್ಕರಲ್ಲಿ ಎರಡು ಟೈರು ನಾಲ್ಕು ವರ್ಷ ಹಳೆಯವು. ಬಳಸಿಲ್ಲ, ಹೊಳೀತಾ ಇವೆ, ಹೊಸದೇ ಅಲ್ವಾ ಅಂದ ಅಲ್ಲಿಯವನು. ಗೋದಾಮಿನಲ್ಲಿ ಕೂತಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಪೂರ್ತಿ ಬೆಲೆ ಕೊಡೋಳು ನಾನು, ಅವುಗಳ ನಾಲ್ಕು ವರ್ಷದ ಆಯಸ್ಸು ಅವನ ಗೋದಾಮಿಗೆ ಯಾಕೆ? ಹಾಕಿಸೋಕೆ ಮೊದಲೇ ವಾಪಸ್ ಮಾಡಿ ಬೇರೆ ಕಡೆ ಹೋದೆ. ಅಲ್ಲಿ ನಾಲ್ಕೂ ಒಂದೇ ವರ್ಷದವು ಸಿಕ್ಕವು.

ನಾಲ್ಕಕ್ಕೆ ಜೋಡಣೆ, ಬ್ಯಾಲೆನ್ಸಿಂಗ್ ಸೇರಿ ಸುಮಾರು 800 ಡಾಲರ್. ಫೋನಿನಲ್ಲಿ ಕೇಳಿದ ಅಮ್ಮ ತಕ್ಷಣ ರೂಪಾಯಿಗೆ ಗುಣಿಸಿ, “ಅದಕ್ಕೆ ಇನ್ನೊಂಚೂರು ಸೇರಿಸಿದ್ರೆ ಒಂದು ಸ್ಕೂಟರೇ ಬರತ್ತಲ್ಲೇ!” ಅಂದರು. ಬರತ್ತೆ ಅಮ್ಮ, ಆದರೆ ಹೈವೇ 17ರಲ್ಲಿ ಸ್ಕೂಟರ್ ಓಡಿಸೋಕಾಗಲ್ಲ.

ದುಡ್ಡು ಉಳಿಸೋಕೆ ಎರಡೇ ಟೈರು ಬದಲಾಯಿಸಬಹುದಾ ಅಂತ ನೀವು ಕೇಳಬಹುದು. ಸಾಧ್ಯವಾದಷ್ಟೂ ನಾಲ್ಕೂ ಒಂದೇ ಮಾಡೆಲ್ ಇರಲಿ. ಎರಡೇ ಆದರೆ ಹೊಸವು ಹಿಂದಕ್ಕೆ, ಮುಂದಿನ ಚಕ್ರದ ಎಳೆತದ ಕಾರಾದರೂ ಸರಿ. ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗುತ್ತೆ, ವೇಗ ಇಳಿಸಿದರೆ ಮತ್ತೆ ಹಿಡಿತ ಸಿಗುವ ಅವಕಾಶ ಇದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತೆ, ಸುಧಾರಿಸಿಕೊಳ್ಳೋಕೆ ಹೆಚ್ಚಿನವರಿಗೆ ಸಮಯವೇ ಸಿಗಲ್ಲ. ಹಾಗೇ ಹೊಸ ಟೈರು ಹಾಕಿಸಿದ ಮೊದಲ 800 ಕಿಲೋಮೀಟರ್ ನಿಧಾನ. ಅಚ್ಚಿನಿಂದ ಬಿಡಿಸುವಾಗ ಬಳಸಿದ ಜಾರುಪದಾರ್ಥ ಮೇಲ್ಮೈಯಲ್ಲಿ ಉಳಿದಿರುತ್ತೆ. ಗಾಳಿ ಎಷ್ಟು ಅನ್ನೋದನ್ನು ಚಾಲಕರ ಬಾಗಿಲ ಚೌಕಟ್ಟಿನ ಸ್ಟಿಕರ್ ನೋಡಿ ತುಂಬಿಸಿ. ಟೈರಿನ ಮೇಲೆ ಬರೆದಿರೋದು ಅದು ತಡೆಯುವ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ಈಗ ಮೂರು ತಿಂಗಳಾಯ್ತು. ಮೊದಲಿನ ಹಾಗೆ ಖಾಲಿ ತಿರುವಿನಲ್ಲಿ ಕಾರಿನ ಹಿಂಭಾಗ ತುಂಟತನ ಮಾಡಲ್ಲ, ಅದನ್ನು ಸ್ವಲ್ಪ ಕಳೆದುಕೊಂಡಿದ್ದೀನಿ. ಆದರೆ ಜನವರಿಯ ಒಂದು ಸಂಜೆ, ಜೋರು ಮಳೆ, ಲಾರೆಲ್ ಕರ್ವ್ ಹತ್ತಿರ ಮುಂದಿನ ವ್ಯಾನ್ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತು. ನಾನೂ ಒತ್ತಿದೆ. ಕಾರು ಆಚೀಚೆ ಅಲ್ಲಾಡದೆ ಲೇನಿನೊಳಗೇ ನಿಂತಿತು, ಮಧ್ಯೆ ಇನ್ನೊಂದು ಕಾರಿನಷ್ಟು ಜಾಗ ಉಳಿದಿತ್ತು. 800 ಡಾಲರ್ ಕೊಟ್ಟಿದ್ದು ಆ ಜಾಗಕ್ಕೆ. ಫೆಬ್ರವರಿಯಲ್ಲಿ ಎರಡು ದಿನ ಬೆಟ್ಟದ ಮೇಲೆ 3 ಡಿಗ್ರಿ ಇತ್ತು, ಒಪ್ಪಂದದಂತೆ ಸಿವಿಕ್ ತೆಗೆದುಕೊಂಡು ಹೋದೆ.

ನಿಮ್ಮದು ಸ್ಪೋರ್ಟ್ಸ್ ಕಾರೇ ಆಗಿರಬೇಕಿಲ್ಲ. ಪೋಲೋ ಇರಲಿ, ಸ್ವಿಫ್ಟ್ ಇರಲಿ, ಇವತ್ತು ಸಂಜೆ ಪಾರ್ಕಿಂಗ್‌ಗೆ ಇಳಿದಾಗ ಫೋನಿನ ಟಾರ್ಚ್ ಹಾಕಿ ಟೈರಿನ ಗೋಡೆ ನೋಡಿ. ಆ ಕೊನೆಯ ನಾಲ್ಕು ಅಂಕೆ ಓದಿ, ಗಾಡಿಯ ದಿಬ್ಬ ಎಷ್ಟು ಹತ್ತಿರ ಬಂದಿದೆ ಅಂತ ಬೆರಳಾಡಿಸಿ. ನಾಲ್ಕೂ ಟೈರು ನೋಡೋಕೆ ಐದು ನಿಮಿಷ ಸಾಕು. ಒಳಬದಿ ನೋಡೋದನ್ನು ಮಾತ್ರ ಮರೀಬೇಡಿ, ಎಷ್ಟೋ ಸಲ ಮೊದಲು ಸವೆಯೋದು ಅಲ್ಲೇ.