ಆಮ್ಲಜನಕ ಎಂಬ ಹೆಸರನ್ನು ಯಾವಾಗ ಬಿಡಿಸಬೇಕು?

ವೈಜ್ಞಾನಿಕ ಪದವನ್ನು ಬಿಡಿಸಿ ಹೇಳಿದರೆ ಅರ್ಥ ತಾನಾಗಿ ತಿಳಿಯುತ್ತದೆ ಎಂದು ಬೋಧನಾ ವಿಧಾನದ ತರಗತಿಯಲ್ಲಿ ಕಲಿತಿದ್ದೆ. ಅಭ್ಯಾಸ ಬೋಧನೆಗೆ ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠ ಸಿಕ್ಕಾಗ, ಪೀಠಿಕೆಯಲ್ಲೇ ಕಪ್ಪುಹಲಗೆಯ ಮೇಲೆ ‘ಆಕ್ಸಿಜನ್’ ಎಂದು ಬರೆದು ಎರಡು ತುಂಡು ಮಾಡಿದೆ. ಗ್ರೀಕಿನಲ್ಲಿ ‘ಆಕ್ಸಿಸ್’ ಎಂದರೆ ಚೂಪು, ಹುಳಿ. ‘ಜೆನ್’ ಎಂದರೆ ಹುಟ್ಟಿಸುವುದು. ನಮ್ಮ ಆಮ್ಲಜನಕವೂ ಅದೇ ಅರ್ಥದ ಪದ. ಮಕ್ಕಳು ತಲೆದೂಗಿದರು. ಅವಲೋಕನ ಪುಸ್ತಕದಲ್ಲೂ ಒಳ್ಳೆಯ ಮಾತು ಬಿತ್ತು.

ಘಟಕ ಪರೀಕ್ಷೆಯಲ್ಲಿ ‘ನಾವು ಕಲಿತ ಆಮ್ಲಗಳಲ್ಲೆಲ್ಲ ಇರುವ ಧಾತು ಯಾವುದು?’ ಎಂದು ಕೇಳಿದ್ದೆ. ಹಲವರು ಆಕ್ಸಿಜನ್ ಎಂದು ಬರೆದಿದ್ದರು. ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರವನ್ನು ಎಷ್ಟು ಸಲ ಬರೆಸಿದ್ದೆನೋ! ಅದರಲ್ಲಿರುವುದು ಹೈಡ್ರೋಜನ್, ಕ್ಲೋರಿನ್ ಎರಡೇ. ಮಕ್ಕಳು ಸೂತ್ರವನ್ನು ಬಿಟ್ಟು ಹೆಸರನ್ನು ನಂಬಿದ್ದರು. ನಂಬಿಸಿದವಳು ನಾನೇ.

ಲವಾಸಿಯೆ ಕೂಡ ಇಲ್ಲೇ ಎಡವಿದ್ದ. ಗಂಧಕವನ್ನೋ ರಂಜಕವನ್ನೋ ಉರಿಸಿ, ಬಂದದ್ದನ್ನು ನೀರಿಗೆ ಸೇರಿಸಿದರೆ ಆಮ್ಲವಾಗುತ್ತದೆ. ಹಾಗಾಗಿ ಎಲ್ಲ ಆಮ್ಲಗಳ ಮೂಲವೂ ಈ ಅನಿಲವೇ ಎಂದು ಅವನು ತೀರ್ಮಾನಿಸಿದ. 1787ರಲ್ಲಿ ಮೂವರು ಸಂಗಡಿಗರೊಡನೆ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ರಾಸಾಯನಿಕ ನಾಮಕರಣದ ಪುಸ್ತಕದಲ್ಲಿ ಆ ಹೆಸರು ಗಟ್ಟಿಯಾಯಿತು. 1810ರಲ್ಲಿ ಹಂಫ್ರಿ ಡೇವಿ, ಕ್ಲೋರಿನ್ ಒಂದು ಧಾತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದ. ಆ ಹೊತ್ತಿಗೆ ಹೆಸರು ಬಳಕೆಗೆ ಬಿದ್ದಾಗಿತ್ತು. ಆ ತಪ್ಪೇ ಮುಂದೆ ಕನ್ನಡಕ್ಕೂ ಅನುವಾದವಾಗಿ ಬಂತು. (ಜೊತೆಯ ಜಲಜನಕದ ಹೆಸರು ಮಾತ್ರ ಸರಿಯಾಗಿದೆ: ಉರಿದರೆ ನೀರೇ ಆಗುತ್ತದೆ.)

ಹಾಗೆಂದು, ಪದ ಬಿಡಿಸುವ ಗೊಡವೆಯೇ ಬೇಡ ಎನ್ನುವ ಸಹಪಾಠಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಬಿಡಿಸಬೇಕು, ಆದರೆ ಪೀಠಿಕೆಯಲ್ಲಲ್ಲ, ಪ್ರಯೋಗ ಮುಗಿದ ಮೇಲೆ. ಮುಂದಿನ ಅವಧಿಯಲ್ಲಿ ಮೆಗ್ನೀಷಿಯಂ ಪಟ್ಟಿಯನ್ನು ಉರಿಸಿ, ಬಿಳಿ ಬೂದಿಯನ್ನು ಬಿಸಿನೀರಿನಲ್ಲಿ ಕಲಕಿ, ಕೆಂಪು ಲಿಟ್ಮಸ್ ಅದ್ದಿಸಿದೆ. ನೀಲಿಯಾಯಿತು. ‘ಆಮ್ಲಜನಕ ಸೇರಿತು, ಪ್ರತ್ಯಾಮ್ಲ ಹುಟ್ಟಿತು. ಈಗ ಈ ಹೆಸರನ್ನು ಏನು ಮಾಡೋಣ?’ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, ‘ತಪ್ಪು ಅಂತ ಗೊತ್ತಾದ ಮೇಲೂ ಯಾಕೆ ಬದಲಾಯಿಸಲಿಲ್ಲ ಮಿಸ್?’ ಎಂದು ಕೇಳಿದ. ಪಾಠಯೋಜನೆಯಲ್ಲಿ ಇದಕ್ಕೆ ಐದು ನಿಮಿಷ ಇಟ್ಟಿದ್ದೆ. ಗಂಟೆ ಹೊಡೆಯುವವರೆಗೂ ಅದೇ ಚರ್ಚೆ ನಡೆಯಿತು.