ಮೊದಲ ಸರದಿಯ ಬೆಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ‘ಫ್ಯಾಂಟಸಿ ಲೀಗ್’ ಎಂಬ ವಿನೋದವು ಬಹು ಜನಪ್ರಿಯವಾಗಿದೆ. ಹತ್ತು ಹನ್ನೆರಡು ಮಂದಿ ಮಿತ್ರರು ಕಲೆತು, ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ, ತಮ್ಮ ತಮ್ಮ ಕಲ್ಪಿತ ತಂಡಗಳನ್ನು ಕಟ್ಟುತ್ತಾರೆ. ಆ ಆಟಗಾರರು ಮೈದಾನದಲ್ಲಿ ತೋರುವ ಸಾಧನೆಯೇ ಈ ತಂಡಗಳಿಗೆ ಅಂಕಗಳಾಗಿ ಪರಿಣಮಿಸುತ್ತದೆ. ಆರಿಸುವ ಸರದಿಯನ್ನು, ಕೆಲವು ಲೀಗುಗಳಲ್ಲಿ ಮುಂದಿನ ವರ್ಷದ ಸರದಿಯನ್ನು ಸಹ, ಪರಸ್ಪರ ವಿನಿಮಯ ಮಾಡಿಕೊಳ್ಳುವುದುಂಟು. ಹಾಗಾದರೆ ಒಂದು ಸರದಿಯ ಬೆಲೆ ಎಷ್ಟು? ಇದು ಆಟದ ಪ್ರಶ್ನೆಯಂತೆ ತೋರಿದರೂ ವಾಸ್ತವವಾಗಿ ಅಳತೆಯ ಪ್ರಶ್ನೆ.

ಎತ್ತರವನ್ನು ಅಳೆಯುವ ಮೊದಲು ಸೊನ್ನೆ ಎಲ್ಲಿರಬೇಕೆಂದು ನಿಶ್ಚಯಿಸಬೇಕಷ್ಟೆ. ಇಲ್ಲಿಯೂ ಹಾಗೆಯೇ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನು ಸಾಮಾನ್ಯವಾಗಿ ಇತರರಿಗಿಂತ ಹೆಚ್ಚು ಅಂಕ ಗಳಿಸುತ್ತಾನೆ. ಆದರೂ ತಂಡಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಸಾಕಾಗುವ ಲೀಗಿನಲ್ಲಿ ಬಲ್ಲವರು ಅವನನ್ನು ಮೊದಲಿಗೇ ಆರಿಸುವುದಿಲ್ಲ. ಯಾರೂ ಆರಿಸದೆ ಉಳಿದ ಕ್ವಾರ್ಟರ್‌ಬ್ಯಾಕನೂ ಸಾಕಷ್ಟು ಅಂಕ ತರಬಲ್ಲನು. ಹಾಗೆ ಉಳಿದವನೇ ನಮ್ಮ ಸೊನ್ನೆ. ಅವನಿಗಿಂತ ಎಷ್ಟು ಮೇಲೆಂಬುದೇ ಆಟಗಾರನ ಬೆಲೆ.

ಎರಡನೆಯದು ಅಳತೆಯ ದೋಷ. ವೃತ್ತಿಪರ ತಂಡಗಳೇ ಇದರಲ್ಲಿ ಎಡವಿವೆ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದವರು ಹೊಸ ಆಟಗಾರರನ್ನು ಆರಿಸುವ ಸರದಿಗಳಿಗೆ ಬೆಲೆಪಟ್ಟಿಯೊಂದನ್ನು ರಚಿಸಿದರು: ಮೊದಲನೆಯದಕ್ಕೆ 3000, ಹದಿನಾರನೆಯದಕ್ಕೆ 1000. ಈ ವ್ಯತ್ಯಾಸ ಸಮಂಜಸವೇ? ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಮೇಲೆನಿಸಿಕೊಳ್ಳುವ ಸಂಭವ ಸುಮಾರು ಶೇಕಡ 52 ಮಾತ್ರ. ನಾಣ್ಯ ಚಿಮ್ಮಿದರೂ ಶೇಕಡ 50 ದೊರೆಯುವುದಲ್ಲವೇ!

2012ರಲ್ಲಿ ವಾಷಿಂಗ್ಟನ್ ತಂಡವು ಎರಡನೆಯ ಸರದಿಯೊಂದಕ್ಕಾಗಿ ಮೊದಲ ಸುತ್ತಿನ ಮೂರು ಸರದಿಗಳನ್ನೂ ಎರಡನೆಯ ಸುತ್ತಿನ ಒಂದನ್ನೂ ತೆತ್ತು, ರಾಬರ್ಟ್ ಗ್ರಿಫಿನ್ ಅವರನ್ನು ಆರಿಸಿತು. ಮೊದಲ ವರ್ಷ ಮಿಂಚಿದ ಅವರು ಬಳಿಕ ಗಾಯಗೊಂಡರು. 2015ರಲ್ಲಿ ಅವರ ಸ್ಥಾನವನ್ನು ಪಡೆದವರು, ಅದೇ ತಂಡವು 2012ರಲ್ಲೇ 102ನೆಯ ಸರದಿಯಲ್ಲಿ ಆರಿಸಿದ್ದ ಕರ್ಕ್ ಕಸಿನ್ಸ್.

ಆದಕಾರಣ ನನ್ನ ಅಭಿಪ್ರಾಯವಿದು. ಸಾಧನೆಯನ್ನು ಆಗಲೇ ತೋರಿರುವ ಅಪೂರ್ವ ಆಟಗಾರನು ದೊರೆಯುವಂತಿದ್ದರೆ ಮೇಲಿನ ಸರದಿಯನ್ನು ಉಳಿಸಿಕೊಳ್ಳುವುದು ಯುಕ್ತ. ತಂಡದಲ್ಲಿ ಸ್ಥಳ ಮಿತವಾಗಿರುವುದರಿಂದ ಇಬ್ಬರು ಸಾಧಾರಣರು ಒಬ್ಬ ಉತ್ತಮನಿಗೆ ಸಮನಾಗರು. ಆದರೆ ಕೇವಲ ಭರವಸೆಯನ್ನು ಕೊಳ್ಳುವಾಗ ಆ ಸರದಿಯನ್ನು ಮಾರಿ, ಕೆಳಗಿನ ಹಲವನ್ನು ಪಡೆಯುವುದೇ ಲೇಸು. ಆತುರಕ್ಕೆ ಸಿಲುಕಿ ಮುಂದಿನ ವರ್ಷದ ಸರದಿಯನ್ನು ಅಗ್ಗವಾಗಿ ಬಿಟ್ಟುಕೊಡಬಾರದು.

ವಿದ್ಯಾರ್ಥಿ ಮಿತ್ರರು ಇದನ್ನು ಆಟದಾಚೆಗೂ ಅನ್ವಯಿಸಿ ನೋಡಬಹುದು. ಪರೀಕ್ಷೆಯ ಪಟ್ಟಿಯಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಇರುವ ಅಂತರ ಅನೇಕ ವೇಳೆ ಅಳತೆಯ ದೋಷಕ್ಕಿಂತ ಕಿರಿದು. ಸರದಿಯ ಸಂಖ್ಯೆಯು ಆರಿಸಿದವರ ನಂಬಿಕೆಯನ್ನು ತಿಳಿಸುತ್ತದೆಯೇ ಹೊರತು ಆರಿಸಲ್ಪಟ್ಟವನ ಯೋಗ್ಯತೆಯನ್ನಲ್ಲ.